ಸ್ಪಷ್ಟನೆ: ಲೆನಿನ್ ಸರ್ಕಾರ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಿರಲಿಲ್ಲ

'1917ರ ಕ್ರಾಂತಿಯಾದ ಕೂಡಲೇ ಲೆನಿನ್ ಸರ್ಕಾರ ಜಗತ್ತಿನಲ್ಲೇ ಮೊದಲ ಬಾರಿಗೆ ಮಹಿಳೆಯರಿಗೆ ಮತದಾನದ ಹಕ್ಕನ್ನೂ ಸಲಿಂಗಿಗಳಿಗೆ ಮದುವೆಯ ಹಕ್ಕನ್ನೂ ನೀಡಿತು' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಎರಡೂ ಭಾಗಗಳು ತಪ್ಪು; ದಯವಿಟ್ಟು ಇದನ್ನು ಮುಂದಕ್ಕೆ ಕಳುಹಿಸಬೇಡಿ.

ಮಹಿಳೆಯರಿಗೆ ಮತದಾನದ ಹಕ್ಕನ್ನು ನ್ಯೂಜಿಲೆಂಡ್ 1893ರಲ್ಲೇ ನೀಡಿತ್ತು. ರಷ್ಯಾದಲ್ಲಿಯೂ ಅದನ್ನು ಕೊಟ್ಟದ್ದು ಲೆನಿನ್ ಪಕ್ಷದವರಾದ ಬೋಲ್ಶೆವಿಕರಲ್ಲ, 1917ರ ಮಾರ್ಚ್‌ನಲ್ಲಿ ಆಗಿನ ರಾಜಧಾನಿ ಪೆಟ್ರೊಗ್ರಾಡ್‌ನ ಬೀದಿಗಿಳಿದ ಸಾವಿರಾರು ಮಹಿಳೆಯರ ಒತ್ತಾಯಕ್ಕೆ ಮಣಿದ ತಾತ್ಕಾಲಿಕ ಸರ್ಕಾರ; ತ್ಸಾರ್ (ಚಕ್ರವರ್ತಿ) ಪತನವಾದ ನಂತರ, ಲೆನಿನ್‌ಗಿಂತ ಮೊದಲು ಅಧಿಕಾರದಲ್ಲಿದ್ದದ್ದು ಅದೇ.

ಬೋಲ್ಶೆವಿಕರು ಮಾಡಿದ್ದು ಬೇರೆ, ಅದೇನೂ ಸಣ್ಣದಲ್ಲ: 1917ರ ಡಿಸೆಂಬರ್‌ನ ಆಜ್ಞೆಗಳು ಮದುವೆಯನ್ನು ಚರ್ಚಿನ ಹಿಡಿತದಿಂದ ಬಿಡಿಸಿ, ಗಂಡ ಹೆಂಡಿರಲ್ಲಿ ಯಾರೊಬ್ಬರು ಕೋರಿದರೂ ವಿಚ್ಛೇದನ ಸಿಗುವಂತೆ ಮಾಡಿದವು. 1920ರಲ್ಲಿ, ಆಸ್ಪತ್ರೆಯಲ್ಲಿ ವೈದ್ಯರೇ ಮಾಡಬೇಕೆಂಬ ಷರತ್ತಿನೊಡನೆ, ಗರ್ಭಪಾತ ಕಾನೂನುಬದ್ಧವಾಯಿತು. 1936ರಲ್ಲಿ ಮತ್ತೆ ನಿಷೇಧಕ್ಕೊಳಗಾಯಿತು.

ಸಲಿಂಗಿಗಳ ವಿಷಯದಲ್ಲಿ ಆಧಾರವೆಂದು ತೋರಿಸಬಹುದಾದದ್ದು 1922ರ ರಷ್ಯನ್ ದಂಡ ಸಂಹಿತೆ. ಪುರುಷರ ನಡುವಿನ ಲೈಂಗಿಕ ಸಂಬಂಧವನ್ನು ಶಿಕ್ಷಿಸುತ್ತಿದ್ದ ತ್ಸಾರ್ ಕಾಲದ ಕಲಂ ಅದರಲ್ಲಿರಲಿಲ್ಲ, ಅಷ್ಟೆ. ಕಲಂ ಇಲ್ಲದಿರುವುದಕ್ಕೂ ಮದುವೆಯ ಹಕ್ಕಿಗೂ ಅಜಗಜಾಂತರ. ಆ ಸಂಹಿತೆಯೂ ಸೋವಿಯತ್ ಒಕ್ಕೂಟಕ್ಕೆಲ್ಲ ಅನ್ವಯಿಸಲಿಲ್ಲ. ಅಜರ್‌ಬೈಜಾನ್ 1923ರಲ್ಲಿ, ಉಜ್ಬೆಕಿಸ್ತಾನ 1926ರಲ್ಲಿ ತಮ್ಮ ಸಂಹಿತೆಗಳಲ್ಲಿ ಅಂಥ ಸಂಬಂಧವನ್ನು ಅಪರಾಧವೆಂದೇ ನಮೂದಿಸಿಕೊಂಡವು. ಸ್ಟಾಲಿನ್ ಕಾಲದಲ್ಲಿ, 1934ರ ತಿದ್ದುಪಡಿಯ ಮೂಲಕ, ಒಪ್ಪಿತ ಸಂಬಂಧಕ್ಕೂ 3ರಿಂದ 5 ವರ್ಷಗಳ ಸೆರೆವಾಸ ವಿಧಿಸುವ ಕಲಂ ರಷ್ಯಾಕ್ಕೆ ಮರಳಿತು. ಅದು ರದ್ದಾದದ್ದು ಒಕ್ಕೂಟ ಕುಸಿದ ನಂತರ, 1993ರಲ್ಲಿ.

'ಕಮ್ಯುನಿಸ್ಟರು ಮೊದಲ ದಿನದಿಂದಲೇ ಸಲಿಂಗಿಗಳನ್ನು ಜೈಲಿಗಟ್ಟಿದರು' ಎಂಬ ಉತ್ತರ ರೂಪದ ಸಂದೇಶವೂ ಇದೇ ಕಾರಣಕ್ಕೆ ತಪ್ಪು, ಅದನ್ನೂ ಹಂಚಬೇಡಿ.