ಇನ್ನೊಂದು ಮಗು ಯಾವಾಗ ಅಂತ ನನ್ನೊಬ್ಬಳನ್ನೇ ಯಾಕೆ ಕೇಳ್ತೀರಿ?

ಈಗ ತಾನೇ ಒಂದು ನಾಮಕರಣದಿಂದ ಬಂದೆ. ಇನ್ನೂ ಸೀರೆ ಬದಲಿಸಿಲ್ಲ. ಸಿಟ್ಟು ಇಳಿಯುವ ಮುಂಚೆ ಬರೆದುಬಿಡುತ್ತೇನೆ.

ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಒಬ್ಬಟ್ಟು ಮುರಿಯುತ್ತಾ ಹೇಳಿದರು: "ಹೆಣ್ಮಕ್ಕಳು ಕೆಲಸಕ್ಕೆ ಹೊರಟ್ರು, ಮನೇಲಿ ಮಕ್ಕಳೇ ಇಲ್ಲ. ನಿಂದೂ ಆರತಿಗೊಬ್ಬಳಿಗೇ ನಿಂತುಬಿಡ್ತು, ಕೀರ್ತಿಗೊಬ್ಬ ಬೇಡ್ವಾ?" ಎರಡು ಎಲೆ ಆಚೆ ನನ್ನ ಗಂಡ ಕೂತಿದ್ದ. ಅವನನ್ನು ಯಾರೂ ಕೇಳಲಿಲ್ಲ.

2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು ಸುಮಾರು 2.1 ಬೇಕು. ಓದಿದ ಹೆಣ್ಣು ಕಡಿಮೆ ಹೆರುತ್ತಾಳೆ, ನಿಜ. ಅದು ಅವಳ ಹಕ್ಕು. ಆದರೆ ಬೇಕು ಅನ್ನಿಸಿದವಳಿಗೂ ಆಗುತ್ತಿಲ್ಲವಲ್ಲ, ಅದನ್ನು ಯಾರು ಕೇಳುತ್ತಾರೆ?

ಮಗಳಿಗೆ ಏಳು ತಿಂಗಳಿದ್ದಾಗ ನಾನು ಕೆಲಸ ಬಿಟ್ಟೆ. ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ 26 ವಾರ ರಜೆ ಸಿಕ್ಕಿತ್ತು. 27ನೇ ವಾರ ಮಗು ಎಲ್ಲಿರಬೇಕು? 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಅಂತ ಅದೇ ಕಾನೂನು ಹೇಳಿತ್ತು. ನಮ್ಮ ಆಫೀಸಿನಲ್ಲಿ ಇರಲಿಲ್ಲ. ಖಾಸಗಿ ಕೆಲಸದಲ್ಲಿದ್ದ ಗಂಡನಿಗೆ ಕಾನೂನು ಒಂದು ದಿನದ ರಜೆಯನ್ನೂ ಕೊಡುವುದಿಲ್ಲ. 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ದೇಶದಲ್ಲಿ ಮನೆಗೆಲಸ ಮಾಡುವವರನ್ನಷ್ಟೇ ಲೆಕ್ಕ ಹಿಡಿದರೂ ಹೆಂಗಸರು ದಿನಕ್ಕೆ 289 ನಿಮಿಷ ಮಾಡುತ್ತಾರೆ, ಗಂಡಸರು 88. ಎರಡನೇ ಮಗುವಿನ ಪ್ರಶ್ನೆ ನನಗೆ ಇಲ್ಲೇ ನಿಂತುಹೋಗುತ್ತದೆ.

"ನಿಮ್ಮಜ್ಜಿ ಎಂಟು ಹೆತ್ತಿರಲಿಲ್ವಾ" ಅಂತಾರೆ. ಹೆತ್ತಿದ್ದಳು. ಮೂರನ್ನು ಮಣ್ಣು ಮಾಡಿದ್ದಳು. ಬೇಕಾ ಅಂತ ಅವಳನ್ನು ಯಾರೂ ಕೇಳಿರಲಿಲ್ಲ.

ಸರ್ಕಾರ ದುಡ್ಡು ಕೊಟ್ಟರೆ ಸಾಕು ಅನ್ನುವವರೂ ಇದ್ದಾರೆ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ಸುರಿಯಿತು. 2023ರಲ್ಲಿ ಅಲ್ಲಿನ ಸರಾಸರಿ 0.72ಕ್ಕೆ ಇಳಿಯಿತು. ರಾತ್ರಿವರೆಗೂ ಆಫೀಸು, ಕೈಗೆಟುಕದ ಮನೆ, ಮಕ್ಕಳ ಟ್ಯೂಷನ್ ಖರ್ಚು, ಹೆತ್ತ ಮೇಲೆ ಕೆಲಸ ಬಿಡಬೇಕಾದ ಭಯ. ಎಲ್ಲಾ ಹಾಗೇ ಇತ್ತು. ಕೇಳಿದಂತೆ ಇದೆ, ಅಲ್ವಾ?

ನಿಜ ಹೇಳ್ತೀನಿ. ನನಗೆ ಇನ್ನೊಂದು ಮಗು ಬೇಕಿತ್ತು. ತುಂಬಾ ಬೇಕಿತ್ತು. ಮಗಳ ಪುಟ್ಟ ಕುಲಾವಿ, ಅಂಗಿಗಳನ್ನು ಆರು ವರ್ಷದಿಂದ ಯಾರಿಗೂ ಕೊಟ್ಟಿರಲಿಲ್ಲ. ಇವತ್ತು ಆ ಕೂಸಿಗೆ ಕೊಟ್ಟು ಬಂದೆ.

ಅವರು ಕೇಳಿದಾಗ ಇದ್ಯಾವುದೂ ಬಾಯಿಗೆ ಬರಲಿಲ್ಲ. ಮಜ್ಜಿಗೆ ಬರುವ ಮುಂಚೆಯೇ ಎಲೆ ಮಡಿಸಿ ಎದ್ದುಬಿಟ್ಟೆ.