ಯುದ್ಧದ ಖರ್ಚು ಯಾರ ತಟ್ಟೆಯಿಂದ ಹೋಯಿತು?

ಬೆಲೆಯೇರಿಕೆಯ ಮಾತು ಬಂದರೆ ಸಾಕು, "ಸರ್ಕಾರ ನೋಟು ಅಚ್ಚು ಹಾಕಿತು, ಅದಕ್ಕೇ" ಅಂತ ಮಾತು ಮುಗಿಸಿಬಿಡುತ್ತೇವೆ. ತಪ್ಪು ಅಂತಲ್ಲ. ಆದರೆ 1943ರ ಬಂಗಾಳದ ಕ್ಷಾಮದ ಬಗ್ಗೆ ಓದುತ್ತಾ ಹೋದಂತೆ ಆ ಉತ್ತರ ನನಗೆ ಸಾಲದಾಗಿದೆ.

ನೋಟಿನ ಲೆಕ್ಕವೇನೋ ಕಣ್ಣಿಗೆ ರಾಚುವಂತಿದೆ. 1939ರಲ್ಲಿ ಭಾರತದಲ್ಲಿ ಚಲಾವಣೆಯಲ್ಲಿದ್ದ ನೋಟು ಸುಮಾರು 180 ಕೋಟಿ ರೂಪಾಯಿ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ 1,100 ಕೋಟಿ ದಾಟಿತ್ತು. ಬ್ರಿಟನ್ ತನ್ನ ಸೈನ್ಯಕ್ಕೆ ಇಲ್ಲಿಂದ ಸಾಮಾನು ಕೊಳ್ಳುತ್ತಿತ್ತು, ದುಡ್ಡನ್ನು ಲಂಡನ್ನಿನಲ್ಲಿ ಭಾರತದ ಲೆಕ್ಕಕ್ಕೆ ಬರೆದಿಡುತ್ತಿತ್ತು. ಆ ಸ್ಟರ್ಲಿಂಗ್ (ಬ್ರಿಟಿಷ್ ಪೌಂಡ್) ಸಾಲಪತ್ರಗಳನ್ನೇ ಆಧಾರ ಮಾಡಿಕೊಂಡು ರಿಸರ್ವ್ ಬ್ಯಾಂಕ್ ಇಲ್ಲಿ ನೋಟು ಬಿಡುತ್ತಿತ್ತು. ಸಾಮಾನು ಅವತ್ತೇ ಹಡಗು ಹತ್ತಿತು, ಹಣ ಮಾತ್ರ ಯುದ್ಧ ಮುಗಿದ ಮೇಲೆ.

ಅರ್ಥಶಾಸ್ತ್ರಜ್ಞ ಕೇನ್ಸ್ ಇದನ್ನೇ ಆದಾಯದ ಕಡೆಯಿಂದ ನೋಡಿದರು. ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದವನಿಗೆ ಸಂಬಳ ಬರುತ್ತದೆ, ಆದರೆ ಅಂಗಡಿಯಲ್ಲಿ ಸಾಮಾನು ಹೆಚ್ಚುವುದಿಲ್ಲ. ಆ ಹೆಚ್ಚುವರಿ ಹಣವನ್ನು ತೆರಿಗೆಯಾಗಿಯೋ ಕಡ್ಡಾಯ ಉಳಿತಾಯವಾಗಿಯೋ ಹಿಡಿದಿಡದಿದ್ದರೆ ಬೆಲೆಯೇ ಆ ಕೆಲಸ ಮಾಡುತ್ತದೆ: ಕೂಲಿಯವನ ಕೈಯಿಂದ ಕಿತ್ತು ಲಾಭ ಮಾಡುವವನ ಕೈಗೆ ಹಾಕುತ್ತದೆ. ಬ್ರಿಟನ್ ತನ್ನ 1941ರ ಬಜೆಟ್‌ನಲ್ಲಿ ಈ ದಾರಿಯನ್ನೇ ಹಿಡಿಯಿತು. ಜೊತೆಗೆ ರೇಷನ್ ಇತ್ತು, ಆಹಾರಕ್ಕೆ ಸಬ್ಸಿಡಿ ಇತ್ತು.

ಇಲ್ಲಿ? 1942ರ ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಮಣಕ್ಕೆ (ಸುಮಾರು 37 ಕೆ.ಜಿ.) 13-14 ರೂಪಾಯಿ ಇದ್ದ ಅಕ್ಕಿ ಮುಂದಿನ ಆಗಸ್ಟ್‌ಗೆ 37 ರೂಪಾಯಿ. ಬರ್ಮಾದಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು, ಮಿಡ್ನಾಪುರಕ್ಕೆ ಚಂಡಮಾರುತ ಹೊಡೆದಿತ್ತು, ನಿಜ. ಆದರೂ ಕಲ್ಕತ್ತೆಯ ಕಾರ್ಖಾನೆಗಳ ಕಾರ್ಮಿಕರಿಗೆ, ಸರ್ಕಾರಿ ನೌಕರರಿಗೆ ಕಡಿಮೆ ಬೆಲೆಗೆ ಧಾನ್ಯ ಸಿಕ್ಕಿತು. ಹಳ್ಳಿಯ ಭೂಮಿಯಿಲ್ಲದ ಕೂಲಿಗೆ, ಮೀನುಗಾರನಿಗೆ ಸಿಗಲಿಲ್ಲ. ಅವರ ದುಡಿಮೆ ಅಕ್ಕಿಯ ಬೆಲೆಯ ಹಿಂದೆ ಓಡಲಾರದೆ ಹೋಯಿತು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ತೋರಿಸಿಕೊಟ್ಟಿದ್ದು ಇದನ್ನೇ. ಸತ್ತವರು ಸರ್ಕಾರಿ ಆಯೋಗದ ಪ್ರಕಾರ 15 ಲಕ್ಷ, ಸೇನ್ ಅವರ ಅಂದಾಜಿನಲ್ಲಿ ಅದರ ದುಪ್ಪಟ್ಟು.

ಬರೀ ನೋಟು ಎಣಿಸುವ ವಾದಕ್ಕೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ನನ್ನ ತಕರಾರು ಅದೇ. ಯಾರ ಆದಾಯ ಎಷ್ಟು ಎಂಬ ಲೆಕ್ಕವಾದರೂ ಇಲ್ಲಿ ಎಲ್ಲಿತ್ತು? ಕೇನ್ಸ್ ಇದ್ದ ಕೇಂಬ್ರಿಡ್ಜ್‌ನಲ್ಲೇ ಓದಿದ, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಮಾಜ-ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆ ಕಟ್ಟಿದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಅವರು 1931-32ರ ರಾಷ್ಟ್ರೀಯ ಆದಾಯವನ್ನು ಅಂದಾಜು ಮಾಡಿದ್ದರು. ಆದರೆ ಸರ್ಕಾರವೇ ಇದಕ್ಕೊಂದು ಸಮಿತಿ ಮಾಡಿದ್ದು 1949ರಲ್ಲಿ.

ಬ್ರಿಟನ್ನಿನಲ್ಲಿ ಹೆಚ್ಚು ತೆರಿಗೆ ಕಟ್ಟಿದವನ ಹೆಸರಿಗೆ, ಯುದ್ಧದ ನಂತರ ವಾಪಸ್ ಕೊಡುವುದಾಗಿ ಒಂದಷ್ಟು ಜಮೆಯಾಗುತ್ತಿತ್ತು. ಬಂಗಾಳದ ಮೀನುಗಾರ ಅದೇ ಯುದ್ಧಕ್ಕೆ ತನ್ನ ಅನ್ನವನ್ನೇ ಕೊಟ್ಟ. ಅವನ ಹೆಸರಿಗೆ ಯಾರೂ ಏನನ್ನೂ ಬರೆದಿಡಲಿಲ್ಲ.