ಬಚ್ಚಲಿನಿಂದ ಬಂದ ನೀರು

ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ನೀರಿನ ಕೊಳವೆ, ಚರಂಡಿ ನೋಡಿಕೊಳ್ಳುವ ಎಂಜಿನಿಯರ್ ನಾನು. ಊರು ಕಾರವಾರ. ಕಳೆದ ಆಷಾಢದಲ್ಲಿ ಸೋದರತ್ತೆಯನ್ನು ನಮ್ಮ ಕರಾವಳಿಯ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದೆವು. ಉಬ್ಬರದ ಹೊತ್ತಿಗೆ ವಾರ್ಡಿನ ಬಚ್ಚಲಿನಿಂದ ಕೊಳೆನೀರು ಮೇಲಕ್ಕೆ ಬಂತು. ನರ್ಸಮ್ಮ ಗೋಣಿಚೀಲ ತುರುಕಿದರು. "ಮಳೆಗಾಲದಲ್ಲಿ ಇದು ಇದ್ದದ್ದೇ ತಮ್ಮಾ" ಎಂದರು ಪಕ್ಕದ ಹಾಸಿಗೆಯ ಅಜ್ಜಿ.

ನನಗೆ ಆ ಮಾತು ಇಂದಿಗೂ ನುಂಗಲಾಗಿಲ್ಲ. ಉಬ್ಬರ ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ಬರುತ್ತದೆಂದು ನಮ್ಮ ಮೀನುಗಾರರಿಗೆ ಗೊತ್ತು. ಚರಂಡಿಯ ಬಾಯಿ ಆ ಎತ್ತರಕ್ಕಿಂತ ಕೆಳಗಿದ್ದರೆ ನೀರು ಹಿಂದಕ್ಕೆ ನುಗ್ಗಲೇಬೇಕು. ಅಲ್ಲಿ ಒಂದೇ ದಿಕ್ಕಿಗೆ ತೆರೆಯುವ ಕವಾಟ ಬೇಕು. ಕವಾಟ ಮುಚ್ಚಿರುವಷ್ಟು ಹೊತ್ತು ಕೊಳೆನೀರನ್ನು ಮೇಲೆತ್ತಲು ಪಂಪು, ಕರೆಂಟು ಹೋದರೆ ಅದಕ್ಕೊಂದು ಜನರೇಟರ್ ಬೇಕು. ಮಳೆನೀರನ್ನು ಅದೇ ಕೊಳವೆಗೆ ಬಿಡಲೇಬಾರದು.

ನಾನಿರುವ ದೇಶದಲ್ಲಿ ನಿಂತ ನೀರಿಗೆ ಹೆದರುತ್ತಾರೆ. 2012ರ ಜನವರಿಯಲ್ಲಿ, ಇಂಗ್ಲೆಂಡಿನಂತೆ ಬ್ರಿಟನ್ ಆಡಳಿತಕ್ಕೇ ಸೇರಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ, ನವಜಾತ ಶಿಶುಗಳ ಘಟಕದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಿಂದ ಮೂರು ಕೂಸುಗಳು ತೀರಿಕೊಂಡವು. ಅದು ಸಿಕ್ಕಿದ್ದು ಕೈತೊಳೆಯುವ ನಲ್ಲಿಗಳಲ್ಲಿ. ಹೆಚ್ಚು ಬಳಸದ ನಲ್ಲಿಗಳನ್ನೂ ವಾರಕ್ಕೆ ಎರಡು ಸಲವಾದರೂ ತಿರುಗಿಸಿ ನೀರು ಹರಿಸಿ, ಪುಸ್ತಕದಲ್ಲಿ ಬರೆದಿಡುತ್ತೇವೆ. ಬಳಕೆಯಿಲ್ಲದೆ ಉಳಿದ ಕೊಳವೆಯ ತುಂಡನ್ನು ಬುಡದಿಂದಲೇ ಕತ್ತರಿಸುತ್ತೇವೆ.

ಆದರೆ ಅವರ ಪಾಠವನ್ನು ಹಾಗೆಯೇ ಊರಿಗೆ ಹೊತ್ತು ತರಲಾಗದು. ಅಲ್ಲಿ ತಣ್ಣೀರನ್ನು 20 ಡಿಗ್ರಿಗಿಂತ ಕೆಳಗೆ, ಬಿಸಿನೀರಿನ ಟ್ಯಾಂಕನ್ನು 60 ಡಿಗ್ರಿಯಲ್ಲಿ ಇಡುತ್ತಾರೆ. ಏಪ್ರಿಲ್ ಬಿಸಿಲಿಗೆ ಕಾರವಾರದ ತಾರಸಿಯ ಮೇಲಿನ ಕರಿ ಟ್ಯಾಂಕಿನಲ್ಲಿ 20 ಡಿಗ್ರಿಯ ಮಾತೆಲ್ಲಿ? ನ್ಯುಮೋನಿಯಾ ತರುವ ಲೀಜಿಯೊನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಹದವೇ ಅಲ್ಲಿರುತ್ತದೆ. ಹಾಗಾಗಿ ನಮಗೆ ನೆರಳಿನಲ್ಲಿರುವ ಟ್ಯಾಂಕು ಬೇಕು, ತೀರಾ ಕೊನೆಯ ನಲ್ಲಿಯಲ್ಲಿ ದಿನವೂ ಅಳೆದ ಕ್ಲೋರಿನ್ ಬೇಕು.

ನಲ್ಲಿ ತಿರುಗಿಸುವ ಅಭ್ಯಾಸವನ್ನಂತೂ ನಾವು ಯಾರಿಂದಲೂ ಕಲಿಯಬೇಕಿಲ್ಲ. ನನ್ನ ಅಜ್ಜಿ ಬೆಳಗಾದರೆ ತಾಮ್ರದ ಕೊಡದಲ್ಲಿದ್ದ ಹಿಂದಿನ ದಿನದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೊಸ ನೀರು ತುಂಬುತ್ತಿದ್ದಳು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂಬ ಕೂಗಿಗೆ ನನ್ನ ದನಿಯೂ ಇದೆ. ಮಂಗಳೂರು, ಗೋವಾ, ಹುಬ್ಬಳ್ಳಿಗೆ ಓಡುವ ಕಷ್ಟವನ್ನು ನಮ್ಮ ಮನೆಯೂ ಉಂಡಿದೆ. ನೂರಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 450 ಲೀಟರ್ ನೀರು ಬೇಕೆಂದು ಭಾರತದ ಮಾನಕವೇ ಹೇಳುತ್ತದೆ. 200 ಹಾಸಿಗೆಯದಾದರೆ ದಿನಕ್ಕೆ 90,000 ಲೀಟರ್ ಆಯಿತು. ಬಾವಿಗಳು ಉಪ್ಪಾಗುವ ಮೇ ತಿಂಗಳಲ್ಲಿ ಅಷ್ಟು ನೀರು ಎಲ್ಲಿಂದ ಬರುತ್ತದೆ, ಜುಲೈಯ ಉಬ್ಬರದಲ್ಲಿ ಅದು ಎಲ್ಲಿಗೆ ಹೋಗುತ್ತದೆ ಎಂದು ಹೊಸ ಆಸ್ಪತ್ರೆಯ ನಕ್ಷೆ ಹಿಡಿದು ಬಂದವರನ್ನು ದಯವಿಟ್ಟು ಕೇಳಿ.